ಅತ್ತಿಗೆಯ ಸೀಟು, ನನ್ನ ಹೆಬ್ಬೆರಳು

ನಮ್ಮ ಮನೆಯಲ್ಲಿ ಅತ್ತಿಗೆ ಟ್ರಾಕ್ಟರು ಓಡಿಸುತ್ತಾರೆ, ಅಣ್ಣ ಅಡುಗೆ ಮಾಡುತ್ತಾನೆ, ನಾನು ರಿಪೇರಿ ಮಾಡುತ್ತೇನೆ. ಮೂವರಲ್ಲಿ ಕೆಲಸದಿಂದ ಹೆಸರು ಕೆಡಿಸಿಕೊಂಡವನು ನಾನೊಬ್ಬನೇ. ಅಣ್ಣನ ಅಡುಗೆಗೆ ಉಪ್ಪು ಹೆಚ್ಚಾಯಿತೆಂದು ಯಾರೂ ಅಂದದ್ದಿಲ್ಲ. ಅತ್ತಿಗೆ ಉತ್ತ ಸಾಲು ಡೊಂಕಾಯಿತೆಂದು ಯಾರೂ ಅಂದದ್ದಿಲ್ಲ. ನನ್ನ ರಿಪೇರಿಯ ಬಗ್ಗೆ ಮಾತ್ರ ಊರಿನಲ್ಲಿ ಅಭಿಪ್ರಾಯ ಇಲ್ಲದವರಿಲ್ಲ.

ಬರೆಯಲು ಕೂತದ್ದು ಅತ್ತಿಗೆಯ ಬಗ್ಗೆ. ನಡುನಡುವೆ ನಾನು ತಲೆ ಹಾಕುತ್ತೇನೆ, ಸಹಿಸಿಕೊಳ್ಳಬೇಕು. ಬಾನೆಟ್ ಎತ್ತಿದ ಕಡೆಯಲ್ಲೆಲ್ಲ ತಲೆ ಹಾಕಿ ಬೆಳೆದ ಪ್ರಾಣಿ ನಾನು.

ಟ್ರಾಕ್ಟರನ್ನು ಕೊಂಡವನು ಅಣ್ಣ. ಆಗಲೇ ಅದು ಇನ್ನೊಬ್ಬರ ಕೈಯಲ್ಲಿ ಸಾಕಷ್ಟು ದುಡಿದು ಬಂದಿತ್ತು. ಕೆಂಪು ಬಣ್ಣವಿತ್ತೆಂದು ಕೆಂಪ ಎಂದು ಕರೆದೆವು. ಈಗ ಬಣ್ಣ ಹೋಗಿ ಹಳೆ ಹೆಂಚಿನ ಹಾಗಾಗಿದ್ದಾನೆ, ಹೆಸರು ಮಾತ್ರ ಹಾಗೇ ನಿಂತಿದೆ. ಓಡಿಸಲು ಒಬ್ಬ ಡ್ರೈವರನ್ನು ಇಟ್ಟಿದ್ದೆವು. ಬಿತ್ತನೆಯ ಹೊತ್ತಿಗೆ ಸರಿಯಾಗಿ ಅವನು ಮಾವನ ಮನೆಗೆ ಹೋದವನು ಅಲ್ಲಿಯೇ ಅಳಿಯನಾಗಿ ಉಳಿದುಬಿಟ್ಟ. ಭೂಮಿಯ ಹದ ಯಾರ ಮಾವನ ಮನೆಗೂ ಕಾಯುವುದಿಲ್ಲವಲ್ಲ, ಅಣ್ಣನೇ ಹತ್ತಿ ಕೂತ. ಕ್ಲಚ್ಚು ಬಿಟ್ಟ. ಕೆಂಪ ಹಗ್ಗ ಕಿತ್ತ ಹೋರಿಯ ಹಾಗೆ ನೆಗೆದು ಬಚ್ಚಲುಮನೆಯ ಗೋಡೆಯೊಳಗೆ ಮುಖ ತೂರಿಸಿ ನಿಂತ. ಅಣ್ಣ ಇಳಿದು ಬಂದು, ಮೈಮೇಲಿನ ಧೂಳು ಕೊಡವಿ, ಇದು ನನ್ನ ಕೈಗೆ ಹತ್ತುವ ವಿದ್ಯೆಯಲ್ಲ ಎಂದು ಜಗಲಿಯ ಮೇಲೆ ಕೂತುಬಿಟ್ಟ.

ಅತ್ತಿಗೆ ಪಾತ್ರೆ ತಿಕ್ಕುತ್ತಿದ್ದರು. ಎದ್ದು ಕೈ ಒರೆಸಿಕೊಂಡು ಬಂದು ಟ್ರಾಕ್ಟರು ಹತ್ತಿದರು. ಹತ್ತಿದವರು ನನ್ನನ್ನು ಕೇಳಿದ್ದು ಒಂದೇ ಮಾತು.

"ಹಿಂದಕ್ಕೆ ಬರೋದು ಯಾವ ಗೇರು?"

ಮುಂದಕ್ಕೆ ಹೋಗುವುದು ಹೇಗೆಂದು ಕೇಳಲಿಲ್ಲ. ಹಿಂದಕ್ಕೆ ಬರುವುದು ಗೊತ್ತಿದ್ದರೆ ಮುಂದಕ್ಕೆ ಹೋಗಲು ಭಯವೇನು ಎಂಬುದು ಅವರ ಲೆಕ್ಕ. ಗೋಡೆಯಿಂದ ಕೆಂಪನನ್ನು ಹಿಂದಕ್ಕೆಳೆದರು, ಅಂಗಳದಲ್ಲಿ ಹಿಂದೆ ಮುಂದೆ ಆಡಿಸಿದರು, ಆಮೇಲೆ ಹೊಲದ ದಾರಿ ಹಿಡಿದರು. ಹೊಟ್ಟೆ ಹಸಿದು ಮನೆಗೆ ಬಂದಾಗ ಒಲೆಯ ಮೇಲೆ ಅಣ್ಣ ಏನನ್ನೋ ಸುಟ್ಟು ಕರಿ ಮಾಡಿ ಇಟ್ಟಿದ್ದ. ಅತ್ತಿಗೆ ಮಾತಾಡದೆ ಉಂಡರು. ಮರುದಿನ ಕರಿ ಸ್ವಲ್ಪ ಕಡಿಮೆಯಾಯಿತು, ಇನ್ನೂ ಕೆಲವು ದಿನ ಕಳೆದ ಮೇಲೆ ರುಚಿ ಕೂಡಿತು. ಅಲ್ಲಿಗೆ ಮನೆಯ ವ್ಯವಸ್ಥೆ ನಿಂತಿತು. ಊರಿನವರು ಒಂದಷ್ಟು ಕಾಲ ನಕ್ಕರು. ಆಮೇಲೆ ತಮ್ಮ ಹೊಲ ಉಳಲು ಅತ್ತಿಗೆಯನ್ನೇ ಕರೆಯತೊಡಗಿದರು. ನಗುವವನ ಹೊಲವೂ ಉಳದೆ ಬೆಳೆಯುವುದಿಲ್ಲ.

ನಾನಿರುವಾಗ ಅತ್ತಿಗೆಯೇ ಯಾಕೆ ಹತ್ತಬೇಕಾಯಿತು ಎಂದು ಓದುವವರಿಗೆ ಅನ್ನಿಸಬಹುದು. ಕೆಂಪನ ಇಂಜಿನ್ನನ್ನು ಚಾಪೆಯ ಮೇಲೆ ಹರಡಿ ಮತ್ತೆ ಜೋಡಿಸಬಲ್ಲೆ, ಒಂದೆರಡು ನಟ್ಟು ಉಳಿದರೆ ಉಳಿದೀತು. ಆದರೆ ಓಡುವ ಟ್ರಾಕ್ಟರಿನ ಮೇಲೆ ಕೂರುವುದೆಂದರೆ ನನಗೆ ಜೀವಭಯ. ಇದನ್ನು ಹೊರಗೆ ಹೇಳಿಕೊಳ್ಳುವಂತಿಲ್ಲ. ಕೇಳಿದವರಿಗೆಲ್ಲ, ವೈದ್ಯನಾದವನು ರೋಗಿಯ ಹೆಗಲೇರಬಾರದು ಎಂದು ಗಂಭೀರವಾಗಿ ಹೇಳಿ ಇಷ್ಟು ವಯಸ್ಸು ಕಳೆದಿದ್ದೇನೆ.

ನನಗೆ ಗುರು ಇಲ್ಲ. ನಾಲ್ಕನೇ ತರಗತಿಗೆ ಶಾಲೆಯೂ ನಾನೂ ಪರಸ್ಪರ ಬೇಸತ್ತು ಬೇರೆಯಾದೆವು. ಆಮೇಲೆ ಅಕ್ಷರ ಗಟ್ಟಿಯಾದದ್ದು ಬಿಡಿಭಾಗದ ಡಬ್ಬಿಗಳ ಮೇಲೆ. ಹಾಗಾಗಿ ಇವತ್ತಿಗೂ 'ಗ್ಯಾಸ್ಕೆಟ್' ಎಂದು ತಪ್ಪಿಲ್ಲದೆ ಬರೆಯುತ್ತೇನೆ, 'ಕೃತಜ್ಞತೆ' ಬರೆಯುವಾಗ ಪೆನ್ನು ತಡವರಿಸುತ್ತದೆ. ಊರು ನನ್ನನ್ನು ಸ್ಪ್ಯಾನರಪ್ಪ ಎನ್ನುತ್ತದೆ. ನನ್ನದೊಂದು ನಿಯಮವಿತ್ತು: ಹೊಸ ಸಾಮಾನು ಹಾಕುವುದಿಲ್ಲ. ಹೊಸದು ತಂದು ಹಾಕುವವನು ಮೆಕ್ಯಾನಿಕ್ಕಲ್ಲ, ಅಂಗಡಿಯವನ ನೆಂಟ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಜೇಬಿನಲ್ಲಿ ಸದಾ ಒಂದು ಸಾಬೂನಿನ ಚೂರು ಇರುತ್ತದೆ. ಡೀಸೆಲ್ ಟ್ಯಾಂಕು ಸೋರಿದರೆ ಒಣ ಸಾಬೂನು ಒತ್ತಿದರೆ ಸಾಕು, ನೀರಿಗೆ ಕರಗುವ ಸಾಬೂನು ಡೀಸೆಲಿಗೆ ಜಗ್ಗುವುದಿಲ್ಲ. ಈ ಒಂದು ವಿದ್ಯೆಯ ಮೇಲೆ ನನ್ನ ಅರ್ಧ ಕೀರ್ತಿ ನಿಂತಿದೆ.

ಅತ್ತಿಗೆಗೆ ಈಗ ಎಪ್ಪತ್ತು ದಾಟಿದೆ. ಗಿಡ್ಡ ಜೀವ. ಕಾಲು ಕ್ಲಚ್ಚಿಗೆ ನಿಲುಕದ ಕಾರಣ ಸೀಟಿನ ಅಂಚಿಗೆ ಜಾರಿ ಕೂರುತ್ತಾರೆ. ಆ ಅಂಚು ಅವರ ಅಳತೆಗೇ ಬಗ್ಗಿಹೋಗಿದೆ, ಬೇರೆ ಯಾರು ಕೂತರೂ ಎಡಕ್ಕೆ ಜಾರುತ್ತಾರೆ. ಅಣ್ಣನ ಹಳೆಯ ತುಂಬುತೋಳಿನ ಅಂಗಿ, ತಲೆಗೊಂದು ಟವೆಲ್ಲು. ಉಳುವಾಗ ಮಾತಿಲ್ಲ, ಹಿಂದೆ ತಿರುಗಿ ನೇಗಿಲು ನೋಡುವುದಿಲ್ಲ, ಮುಂದಿನ ಚಕ್ರ ನೋಡುತ್ತಾರೆ, ಹಿಂದಿನದನ್ನು ಕಿವಿಯಲ್ಲಿ ಕೇಳುತ್ತಾರೆ. ಈಗಿನ ದೊಡ್ಡ ಟ್ರಾಕ್ಟರುಗಳು ತಿರುಗಲಾರದ ಇಕ್ಕಟ್ಟಿನ ಹೊಲಗಳು ನಮ್ಮ ಕಡೆ ಬಹಳ ಇವೆ. ಅವೆಲ್ಲ ಅತ್ತಿಗೆಯ ಪಾಲು. ಯಾರನ್ನೂ ಹೊಗಳುವ ಅಭ್ಯಾಸ ಅವರಿಗಿಲ್ಲ. ಬಹಳ ಮೆಚ್ಚಿದರೆ 'ಪರವಾಗಿಲ್ಲ' ಎನ್ನುತ್ತಾರೆ. ಅವರ ಬಾಯಿಂದ ಆ ಪ್ರಶಸ್ತಿ ಪಡೆಯಲು ನಾನು ಹಲ್ಲು ಉದುರುವವರೆಗೂ ಕಾದವನು.

ಇಂಥ ಅತ್ತಿಗೆ ಮೇಷ್ಟ್ರ ಇಳಿಜಾರು ಹೊಲದಲ್ಲಿ ಕೈಕೊಟ್ಟ ಕೆಂಪನ ಮೇಲೆ ಕೂತು ನಡುಗಬೇಕಾಯಿತು.

ಮೇಷ್ಟ್ರು ಎಂದರೆ ನಿವೃತ್ತರಾಗಿ ಬೇಸಾಯ ಹಿಡಿದವರು, ನಮ್ಮ ಹಿಂದಿನ ಬೀದಿಯವರು. ಅವರ ಹೊಲ ಚಾವಣಿಯ ಹಾಗೆ ಒಂದೇ ಸಮನೆ ಇಳಿಯುತ್ತದೆ, ಕೆಳಗೆ ಕಲ್ಲಿನ ಬದು, ಅದರಾಚೆ ಆಳವಾದ ಹಳ್ಳ. ಅರ್ಧ ಉತ್ತಾಗಿತ್ತು. ಏರಿನ ತುದಿಯಲ್ಲಿ ನೇಗಿಲು ಎತ್ತಿ ತಿರುಗಿಸುವಾಗ ಇಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾಯಿತು. ಕೆಂಪ ಹಿಂದಕ್ಕೆ ಜಾರಿದ. ಅತ್ತಿಗೆ ನೇಗಿಲು ಇಳಿಸಿ ನೆಲಕ್ಕೆ ಊರಿ, ಬ್ರೇಕಿನ ಮೇಲೆ ಕಾಲಿಟ್ಟು ನಿಂತೇಬಿಟ್ಟರು. ಕಾಲು ತೆಗೆದರೆ ಏನಾಗುತ್ತದೆಂದು ತೆಗೆದು ನೋಡುವ ಹಾಗಿರಲಿಲ್ಲ. ಮೇಷ್ಟ್ರು ಓಡಿಹೋಗಿ ಬದುವಿನ ಕಲ್ಲು ಹೊತ್ತು ತಂದು ಚಕ್ರಕ್ಕೆ ಕೊಡುವವರೆಗೂ ಹಾಗೇ ನಿಂತಿದ್ದರಂತೆ. ಸಂಜೆ ಮನೆಯಲ್ಲಿ ಕೂತಾಗಲೂ ಆ ಕಾಲು ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು. ಅಣ್ಣ ಬಿಸಿನೀರು ತಂದಿಟ್ಟು, ಏನೂ ಕೇಳದೆ ಅದುರುವ ಕಾಲನ್ನು ಅದರಲ್ಲಿ ಮುಳುಗಿಸಿದ.

ಅಷ್ಟರಲ್ಲಿ ಮಗಳು ಬಂದಳು. ಅಣ್ಣನಿಗೆ ಒಬ್ಬಳೇ ಮಗಳು, ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು. ರಜೆಯ ದಿನ ಬಂದು ಮೂವರ ರಕ್ತದೊತ್ತಡ ನೋಡಿ ಮೂವರನ್ನೂ ಬೈದು ಹೋಗುವುದು ಅವಳ ವಾಡಿಕೆ. ಅವತ್ತು ಬೈಯಲಿಲ್ಲ. ಬೈಯದೇ ಇದ್ದದ್ದೇ ನಮಗೆ ಹೆದರಿಕೆಯಾಯಿತು. ತಾಯಿಯ ಎದುರು ಕೂತು ಮೆಲ್ಲಗೆ ಹೇಳಿದಳು.

"ಅಮ್ಮ, ಗಾಡಿಗೂ ವಯಸ್ಸಾಯ್ತು, ನಿನಗೂ ಆಯ್ತು. ಇಬ್ಬರೂ ಒಟ್ಟಿಗೆ ಇಳಿದುಬಿಡಿ."

ಅತ್ತಿಗೆ ಬಿಸಿನೀರಿನಿಂದ ಕಾಲು ತೆಗೆದು ಒರೆಸಿಕೊಂಡರು. ಆಮೇಲೆ ಒಂದು ಒಪ್ಪಂದ ಮುಂದಿಟ್ಟರು. ಮೇಷ್ಟ್ರ ಹೊಲ ಅರ್ಧಕ್ಕೆ ನಿಂತಿದೆ, ಅರ್ಧ ಉತ್ತು ಬಿಟ್ಟು ಇಳಿದವಳೆಂಬ ಹೆಸರು ಬೇಡ. ಬರುವ ಶನಿವಾರ ಉಳಿದರ್ಧ ಉಳುತ್ತೇನೆ. ನಡುವೆ ಎಲ್ಲಿಯಾದರೂ ಗಾಡಿ ನಿಂತರೆ ಕೀಲಿ ನಿನ್ನ ಕೈಗೆ, ಗುಜರಿಯವನನ್ನು ನೀನೇ ಕರೆಸು. ನಿಲ್ಲದಿದ್ದರೆ ಮತ್ತೆ ಈ ಮಾತು ಎತ್ತಬಾರದು. ಮಗಳು ಒಪ್ಪಿದಳು. ತಾಯಿ ಮಗಳು ಇಬ್ಬರೂ ಮಾತಿಗೆ ತಪ್ಪುವ ಜಾತಿಯಲ್ಲ. ಇಬ್ಬರೂ ತಿರುಗಿ ನನ್ನ ಮುಖ ನೋಡಿದರು. ನಾನು ಎದೆ ಸೆಟೆಸಿ, ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದಿದೆ ಅಷ್ಟೇ, ಎಡಗೈ ಕೆಲಸ ಎಂದೆ.

ಎಡಗೈ ಎಂದದ್ದು ಸುಳ್ಳೇನಲ್ಲ. ಕೊನೆಗೆ ಅದೇ ಕೈ ಸಿಕ್ಕಿಕೊಂಡಿತು.

ಡೀಸೆಲ್ ಇಂಜಿನ್ ಹಸಿವು ತಡೆಯುತ್ತದೆ, ಬಿಸಿಲು ತಡೆಯುತ್ತದೆ, ಹೊಟ್ಟೆಯೊಳಗೆ ಗಾಳಿ ಮಾತ್ರ ತಡೆಯುವುದಿಲ್ಲ. ಟ್ಯಾಂಕಿನಿಂದ ಪಂಪಿಗೆ ಬರುವ ದಾರಿಯಲ್ಲಿ ಎಲ್ಲೋ ಸಣ್ಣ ತೂತಿದ್ದರೂ ಸಾಕು. ಸುಮ್ಮನೆ ನಿಂತಾಗ ಅಲ್ಲಿಂದ ಡೀಸೆಲ್ ಹೊರಗೆ ಸೋರುತ್ತದೆ, ಭಾರ ಎಳೆಯುವಾಗ ಪಂಪು ಜೋರಾಗಿ ಹೀರಿದರೆ ಅಲ್ಲಿಂದಲೇ ಗಾಳಿ ಒಳಗೆ ಹೋಗುತ್ತದೆ. ಅಂಗಳದಲ್ಲಿ ನಿಲ್ಲಿಸಿದ ಕೆಂಪನ ಅಡಿಯಲ್ಲಿ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಎಲ್ಲಿಂದ ಎಂದು ಬಗ್ಗಿ ನೋಡಿದೆ, ಫಿಲ್ಟರಿನ ಬುಡದಿಂದ. ಕಳ್ಳ ಸಿಕ್ಕ ಎಂದು ಮೀಸೆ ತಿರುವಿದೆ. ಮನೆಯ ಮಾಡು ಸೋರಿದಾಗ ನೀರು ಬೀಳುವ ಜಾಗ ಬೇರೆ, ತೂತಿರುವ ಜಾಗ ಬೇರೆ ಎಂದು ಊರಿಗೆಲ್ಲ ಪಾಠ ಹೇಳುವವನು ನಾನೇ. ಪಾಠ ಹೇಳುವವನು ಪಾಠ ಕೇಳಿಸಿಕೊಳ್ಳಬೇಕೆಂಬ ನಿಯಮ ಎಲ್ಲೂ ಇಲ್ಲ.

ಫಿಲ್ಟರ್ ಬಿಚ್ಚಿದೆ, ತೊಳೆದೆ, ಬಿಗಿದೆ. ತೊಟ್ಟಿಕ್ಕಿತು. ಇನ್ನೂ ಬಿಗಿದೆ. ಇನ್ನೂ ಚೆನ್ನಾಗಿ ತೊಟ್ಟಿಕ್ಕಿತು.

ಆಗ ನನ್ನ ದೊಡ್ಡ ವಿದ್ಯೆ ಹೊರತೆಗೆದೆ. ಎಲ್ಲವನ್ನೂ ಒರೆಸಿ ಒಣಗಿಸಿ ಮುಖಕ್ಕೆ ಹಾಕುವ ಪೌಡರು ಚಿಮುಕಿಸುವುದು, ಎಲ್ಲಿ ಮೊದಲು ಒದ್ದೆಯಾಗುತ್ತದೋ ಅಲ್ಲಿದೆ ರೋಗ. ಮಗಳು ಬಿಟ್ಟುಹೋಗಿದ್ದ ಪೌಡರ್ ಡಬ್ಬಿ ಅರ್ಧ ಖಾಲಿಯಾಯಿತು, ಕೆಂಪ ಮದುಮಗನಾದ. ಆದರೆ ಪೌಡರು ಹಾಕಿದ್ದು ಎಲ್ಲಿಗೆ? ಫಿಲ್ಟರಿಗೆ, ಪಂಪಿಗೆ, ಪೈಪು ಸೇರುವ ಕೂಡುಗಳಿಗೆ. ಟ್ಯಾಂಕಿನಿಂದ ಇಳಿದು ಬರುವ ಉದ್ದನೆಯ ಕಬ್ಬಿಣದ ಪೈಪಿಗೆ ಹಾಕಲಿಲ್ಲ. ಕೂಡಿಲ್ಲದ ನೆಟ್ಟನೆಯ ಪೈಪು ಸೋರುತ್ತದೆಯೇ, ಅದಕ್ಕೇನು ಹುಚ್ಚೇ ಎಂದುಕೊಂಡೆ. ಫಿಲ್ಟರಿನ ತಲೆಯ ಮೇಲಿನ ಪೌಡರು ಒದ್ದೆಯಾಯಿತು. ವಾಷರ್ ಹೋಗಿದೆ ಎಂದು ತೀರ್ಪು ಕೊಟ್ಟೆ.

ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಹೊಸದರಂತೆ ಕೂರುತ್ತದೆ. ಅದಕ್ಕಾಗಿ ಅಡುಗೆಮನೆಗೆ ನುಗ್ಗಿದೆ. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಅದನ್ನು ಕೆಳಗಿಳಿಸಿ, ಅಣ್ಣನ ಇಕ್ಕಳದಲ್ಲಿ ವಾಷರು ಹಿಡಿದು ಬೆಂಕಿಗೊಡ್ಡಿದೆ. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕಾದ ವಾಷರು ಅವನ ಕುಡಿಯುವ ನೀರಿನ ಚೊಂಬಿನಲ್ಲಿ ಚುಯ್ ಎಂದಾಗಲೂ ಅವನು ಸಿಟ್ಟಾಗಲಿಲ್ಲ. ಬೇರೇನನ್ನೋ ಕೇಳಿದ.

"ಲೋ, ನನ್ನ ಬಟ್ಟೆ ಎಲ್ಲಿ?"

ಯಾವ ಬಟ್ಟೆ ಎಂದೆ. ಕೆಂಪನಿಗೆ ಕಟ್ಟಿದ್ದ ಬಟ್ಟೆ ಎಂದ. ಅವನ ನೀಲಿ ಅಂಗಿಯ ತೋಳು ಹರಿದು ಮಾಡಿದ ಪಟ್ಟಿಯಂತೆ, ಎಂದೋ ಕಟ್ಟಿದ್ದನಂತೆ, ಈಗ ಕಾಣುತ್ತಿಲ್ಲವಂತೆ. ನನಗೆ ನೆನಪಾಯಿತು. ಹಿಂದಿನ ಬಿತ್ತನೆ ಮುಗಿದ ಮೇಲೆ ಕೆಂಪನನ್ನು ಸೀಮೆಎಣ್ಣೆ ಹಾಕಿ ತಿಕ್ಕಿ ತೊಳೆದಿದ್ದೆ. ಆಗ ಪೈಪಿಗೆ ಜಿಡ್ಡು ಹಿಡಿದ ಒಂದು ಕರಿ ಚಿಂದಿ ಸುತ್ತಿಕೊಂಡಿತ್ತು. ಅಸಹ್ಯ ಎಂದು ಕತ್ತರಿಸಿ ಒಲೆಗೆ ಹಾಕಿದ್ದೆ. ವಯಸ್ಸಾದ ಮೇಲೆ ಅಣ್ಣನಿಗೆ ಚಿಂದಿಯ ಮೇಲೆ ಆಸೆ ಹುಟ್ಟಿದೆ ಎಂದುಕೊಂಡೆ. ಅಡುಗೆಮನೆಯಲ್ಲಿ ಅಷ್ಟು ಬಟ್ಟೆಗಳಿವೆ, ಇನ್ನೊಂದು ತಗೋ ಎಂದೆ. ಅವನು ಬೇಳೆಯನ್ನು ಮತ್ತೆ ಒಲೆಗೇರಿಸಿದ. ಮರುದಿನ ಬೋಲ್ಟು ಬಿಗಿಯುವಾಗ ಬಂದು ಮತ್ತೆ ಅದನ್ನೇ ಕೇಳಿದ. ಊಟಕ್ಕೆ ಬಡಿಸುತ್ತ ಮತ್ತೆ ಕೇಳಿದ. ರಿಪೇರಿಯ ಹೊತ್ತಿನಲ್ಲಿ ತಲೆ ತಿನ್ನಬೇಡ ಎಂದು ಅಣ್ಣನೆಂಬುದನ್ನೂ ಮರೆತು ರೇಗಿದೆ.

ವಾಷರು ಹಾಕಿ, ಕೈಪಂಪು ಒತ್ತಿ ಗಾಳಿ ತೆಗೆದು, ಇಂಜಿನ್ ಚಾಲು ಮಾಡಿದೆ. ಒಂದು ತೊಟ್ಟೂ ಬೀಳಲಿಲ್ಲ. ಎಷ್ಟೋ ಹೊತ್ತು ಓಡಿದರೂ ಫಿಲ್ಟರು ಒಣಗಿದ ಬೆಲ್ಲದಚ್ಚಿನ ಹಾಗೆ ಕೂತಿತ್ತು. ಅತ್ತಿಗೆಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, ತಲೆ ಓರೆ ಮಾಡಿ ಶಬ್ದ ಕೇಳಿ, ಏನೂ ಹೇಳದೆ ಹೋದರು. 'ಪರವಾಗಿಲ್ಲ' ಬರಲಿಲ್ಲ. ಅದರ ಕಾರಣ ಆಗ ನನಗೆ ತಿಳಿಯಲಿಲ್ಲ. ತೊಟ್ಟು ಬೀಳದಿದ್ದದ್ದಕ್ಕೂ ಬೇರೆ ಕಾರಣವಿತ್ತು: ವಾಷರು ಬಿಚ್ಚುವ ಮೊದಲು ನಾನು ಟ್ಯಾಂಕಿನ ಡೀಸೆಲನ್ನು ಡಬ್ಬಿಗೆ ಇಳಿಸಿಕೊಂಡಿದ್ದೆ, ತಳದಲ್ಲಿ ಸ್ವಲ್ಪವೇ ಉಳಿದಿತ್ತು. ಖಾಲಿ ಕೊಡ ಸೋರುವುದಿಲ್ಲ. ಇದನ್ನು ಹೇಳಲು ಮೆಕ್ಯಾನಿಕ್ಕೇ ಆಗಬೇಕಾಗಿಲ್ಲ, ಆದರೆ ಮೆಕ್ಯಾನಿಕ್ಕಾದರೆ ಮರೆಯಬಹುದು ಎಂದು ಆಮೇಲೆ ಗೊತ್ತಾಯಿತು.

ಶನಿವಾರ ಬೆಳಿಗ್ಗೆ ಟ್ಯಾಂಕು ತುಂಬಿಸಿ ಹೊರಟೆವು. ನಾನು ಸೈಕಲ್ಲಿನಲ್ಲಿ ಹಿಂದೆ ಬರುವುದೆಂದು ತಯಾರಾಗಿದ್ದೆ. ಮಗಳು ಸೈಕಲ್ಲಿನ ಹ್ಯಾಂಡಲ್ಲು ಹಿಡಿದಳು.

"ಚಿಕ್ಕಪ್ಪ, ನೀವು ಗಾಡಿ ಮೇಲೆ ಕೂತ್ಕೊಳ್ಳಿ. ಮತ್ತೆ ನಿಂತ್ರೆ ಅಮ್ಮ ಒಬ್ಬಳೇ ಬ್ರೇಕ್ ಹಿಡ್ಕೊಂಡು ನಿಲ್ಲಬಾರದು."

ವೈದ್ಯ, ರೋಗಿ, ಹೆಗಲು ಎಂದು ಶುರುಮಾಡಿದೆ. ಅವಳು, ನಿಮ್ಮ ರಿಪೇರಿ ಮೇಲೆ ನಿಮಗೇ ನಂಬಿಕೆ ಇಲ್ವಾ ಎಂದಳು. ಮಡ್‌ಗಾರ್ಡಿನ ಮೇಲೆ ಏರಿ, ಕಣ್ಣುಮುಚ್ಚಿ, ಕೈಗೆ ಸಿಕ್ಕ ಕಬ್ಬಿಣವನ್ನೆಲ್ಲ ಹಿಡಿದುಕೊಂಡೆ. ಅತ್ತಿಗೆ ಒಮ್ಮೆ ಓರೆಗಣ್ಣಲ್ಲಿ ನೋಡಿದರು. ಇಷ್ಟು ವರ್ಷದಲ್ಲಿ ನನ್ನ ಗುಟ್ಟು ಅವರಿಗೆ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ. ಗೇರು ಹಾಕುವ ಮೊದಲು ಅವರು ಮೆಲ್ಲಗೆ, "ನೆಲ ನೋಡ್ಬೇಡ, ಗಾಡಿ ಮೂತಿ ನೋಡು" ಎಂದರು. ಅಂದರೆ ಮೊದಲಿಂದಲೂ ಗೊತ್ತಿತ್ತು.

ಮೊದಲ ಕೆಲವು ಸಾಲು ಚೆನ್ನಾಗಿ ನಡೆಯಿತು. ಬದುವಿನ ಮೇಲೆ ಮೇಷ್ಟ್ರು, ಪಕ್ಕದಲ್ಲಿ ಮಗಳು. ಮಣ್ಣು ಮಗುಚಿ ಬೀಳುತ್ತಿತ್ತು. ನನಗೂ ಧೈರ್ಯ ಬಂದು ಒಂದು ಕಣ್ಣು ತೆರೆದೆ. ತೆರೆದ ಕಣ್ಣಿಗೆ ಮೊದಲು ಬಿದ್ದದ್ದು ಅತ್ತಿಗೆಯ ಮೊಣಕಾಲಿನ ಪಕ್ಕ, ಟ್ಯಾಂಕಿನಿಂದ ಇಳಿಯುವ ಪೈಪು. ಅದು ಇಂಜಿನ್ನಿನ ತಾಳಕ್ಕೆ ಗಡಗಡ ಅದುರುತ್ತ, ತಗಡಿನ ಹೊದಿಕೆಯ ಅಂಚಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ಉಜ್ಜುವ ಜಾಗ ಹೊಳೆಯುತ್ತಿತ್ತು, ಹೊಳಪಿನ ನಡುವೆ ಒದ್ದೆ. ಅಲ್ಲಿಂದ ಸಣ್ಣ ಧಾರೆ ಪೈಪಿನ ಹೊಟ್ಟೆಯ ಗುಂಟ ಇಳಿದು, ಯಾರಿಗೂ ಕಾಣದ ಹಾಗೆ ಫಿಲ್ಟರಿನ ತಲೆಗೆ ಸೇರುತ್ತಿತ್ತು. ಅದೇ ಜಾಗದ ಎರಡೂ ಕಡೆ, ಬಟ್ಟೆ ಸುತ್ತಿದ್ದಷ್ಟು ಅಗಲಕ್ಕೆ, ಪೈಪಿನ ಹಳೆಯ ಬಣ್ಣ ಕೆಡದೆ ಉಳಿದಿತ್ತು.

ಅಣ್ಣ ಕೇಳುತ್ತಿದ್ದ ಬಟ್ಟೆ ಎಲ್ಲಿಯದೆಂದು ನನಗೆ ಆ ಕ್ಷಣ ಅರ್ಥವಾಯಿತು. ಬೆನ್ನಲ್ಲಿ ಬೆವರಿಳಿಯಿತು, ಭಯದ್ದೋ ನಾಚಿಕೆಯದ್ದೋ ವಿಂಗಡಿಸುವಷ್ಟು ಪುರುಸೊತ್ತಿರಲಿಲ್ಲ. ಏರು ಶುರುವಾಗಿತ್ತು. ಇಂಜಿನ್ ಒಮ್ಮೆ ಬಿಕ್ಕಿತು.

ಅತ್ತಿಗೆಯ ಕಾಲು ಬ್ರೇಕಿನ ಕಡೆ ಸರಿಯಿತು.

ಜೇಬಿನ ಸಾಬೂನು ತೆಗೆದು ತೂತಿಗೆ ಒತ್ತಿದೆ. ಅದುರುವ ಪೈಪಿಗೆ ಸಾಬೂನು ನಿಲ್ಲಬೇಕಲ್ಲ, ಉದುರಿತು. ಕೈಯಲ್ಲಿ ಉಳಿದ ಚೂರನ್ನು ಮತ್ತೆ ಒತ್ತಿ, ಮೇಲೆ ಎಡಗೈಯ ಹೆಬ್ಬೆರಳಿಟ್ಟು, ಪೈಪನ್ನು ಮುಷ್ಟಿಯಲ್ಲಿ ಬಿಗಿದು, ತಗಡಿನಿಂದ ಬೇರೆ ಮಾಡಿ ಹಿಡಿದೆ. ಇಲ್ಲಿ ಒಂದು ಮಾತು ಹೇಳಿಬಿಡಬೇಕು: ಪಂಪಿನಿಂದ ಮುಂದಕ್ಕೆ, ಇಂಜಿನ್ನಿನ ತಲೆಗೆ ಹೋಗುವ ಸಣ್ಣ ಪೈಪುಗಳಾಗಿದ್ದರೆ ಹೀಗೆ ಬೆರಳಿಡಬಾರದು, ಆ ಒತ್ತಡಕ್ಕೆ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಇದು ಟ್ಯಾಂಕಿನಿಂದ ಸುಮ್ಮನೆ ಇಳಿಯುವ ಪೈಪು. ಅಷ್ಟು ಬುದ್ಧಿ ನನಗಿನ್ನೂ ಉಳಿದಿತ್ತು.

ಮಡ್‌ಗಾರ್ಡಿನಿಂದ ಅಲ್ಲಿಗೆ ಕೈ ನಿಲುಕದು. ಹಾಗಾಗಿ ಕಾಲಿಡುವ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ತಲೆಯನ್ನು ಅತ್ತಿಗೆಯ ಮೊಣಕಾಲಿಗೆ ತಾಗಿಸಿ ಬಗ್ಗಬೇಕಾಯಿತು. ಇಂಜಿನ್ ಮತ್ತೆ ಒಂದು ಸಲ ತಡವರಿಸಿ, ಆಮೇಲೆ ಉಸಿರು ಹಿಡಿಯಿತು. ಮೇಲಿನಿಂದ ಅತ್ತಿಗೆಯ ದನಿ ಬಂತು.

"ಹಿಡ್ಕೊಂಡಿದೀಯಾ?"

"ಹಿಡ್ಕೊಂಡಿದೀನಿ ಅತ್ತಿಗೆ."

"ಬಿಡಬೇಡ."

ಬಿಡಲಿಲ್ಲ. ಮೇಲಕ್ಕೆ ಹೋಯಿತು, ತಿರುಗಿತು, ಕೆಳಕ್ಕೆ ಬಂತು. ಪ್ರತಿ ತಿರುವಿನಲ್ಲೂ ಅತ್ತಿಗೆಯ ಮೊಣಕಾಲು ನನ್ನ ಕಿವಿಗೆ ಒಂದು ಬಡಿಯುತ್ತಿತ್ತು. ಹೊಗೆ, ಧೂಳು, ಕಾದ ಕಬ್ಬಿಣ. ಓಡುವ ಟ್ರಾಕ್ಟರಿನ ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ, ಹೆಬ್ಬೆರಳಿನ ನೋವಿನ ಮುಂದೆ ಅದಕ್ಕೆ ಕೂರಲು ಜಾಗವಿರಲಿಲ್ಲ. ಬದುವಿನ ಹತ್ತಿರ ಬಂದಾಗ ಮೇಷ್ಟ್ರು ಕೂಗಿ ಕೇಳಿದರು.

"ಏನಯ್ಯ ಸ್ಪ್ಯಾನರಪ್ಪ, ಅತ್ತಿಗೆ ಕಾಲಿಗೆ ಬಿದ್ದೇಬಿಟ್ಯಾ? ತಪ್ಪೊಪ್ಪಿಕೊಂಡು ಎದ್ದೇಳು, ಕ್ಷಮಿಸ್ತಾರೆ."

ಉತ್ತರ ಕೊಡಲು ತಲೆಯೆತ್ತುವ ಹಾಗಿರಲಿಲ್ಲ. ಅವರು ಹಾಸ್ಯಕ್ಕೆಂದದ್ದು ಎಷ್ಟು ನಿಜವೆಂದು ಅವರಿಗೂ ಗೊತ್ತಿರಲಿಲ್ಲ. ಕೊನೆಯ ಸಾಲು ಮುಗಿಯಿತು. ಕೆಂಪ ನಿಲ್ಲಲಿಲ್ಲ. ಹೊಲದಿಂದ ರಸ್ತೆಗೆ, ರಸ್ತೆಯಿಂದ ನಮ್ಮ ಅಂಗಳಕ್ಕೆ ನಾನು ಅದೇ ಭಂಗಿಯಲ್ಲಿ ಬಂದೆ. ಬೀದಿಯ ಜನ ಬಾಗಿಲಿಗೆ ಬಂದು ನೋಡಿದರಂತೆ. ನನಗೆ ಕಂಡದ್ದು ಅವರ ಚಪ್ಪಲಿಗಳು ಮಾತ್ರ.

ಅಂಗಳದಲ್ಲಿ ಅತ್ತಿಗೆ ಇಂಜಿನ್ ಆರಿಸಿದರು. ಹೊಲದಿಂದ ಹಿಂದೆಯೇ ನಡೆದು ಬಂದಿದ್ದ ಮಗಳು ನನ್ನ ಬೆರಳುಗಳನ್ನು ಒಂದೊಂದಾಗಿ ಪೈಪಿನಿಂದ ಬಿಡಿಸಬೇಕಾಯಿತು. ಹೆಬ್ಬೆರಳು ಮಡಚಿದ್ದು ಮಡಚಿದ ಹಾಗೇ ಇತ್ತು, ಬೆನ್ನೂ ಹಾಗೇ. ನನ್ನನ್ನು ಮಡಚಿದ ಕುರ್ಚಿಯ ಹಾಗೆ ಎತ್ತಿ ಜಗಲಿಯ ಮೇಲೆ ಇಟ್ಟರು. ಮಗಳು ಮುಲಾಮು ಹಚ್ಚುತ್ತ, ಸರಿ ಅಮ್ಮ, ಗಾಡಿ ನಿಲ್ಲಲಿಲ್ಲ, ಮಾತು ಮಾತೇ, ಇನ್ನು ನಾನು ಈ ವಿಷಯ ಎತ್ತುವುದಿಲ್ಲ ಎಂದಳು. ಅವಳ ದನಿಯಲ್ಲಿ ಸಂತೋಷವಿರಲಿಲ್ಲ, ಮಾತಿಗೆ ಕಟ್ಟುಬಿದ್ದವರ ದಣಿವು ಇತ್ತು.

ಅಲ್ಲಿಗೆ ಮುಗಿಯಬೇಕಿತ್ತು. ನಾನಾಗಿದ್ದರೆ ಮುಗಿಸುತ್ತಿದ್ದೆ. ಆದರೆ ಅತ್ತಿಗೆ ಕೀಲಿ ತೆಗೆದು ಮಗಳ ಮುಂದೆ ಇಟ್ಟರು.

"ಇವನು ಹಿಡಿದಿದ್ದಕ್ಕೆ ಓಡ್ತು. ಕೈ ಬಿಟ್ಟಿದ್ರೆ ಅಲ್ಲೇ ನಿಲ್ತಿತ್ತು. ಹಾಗೆ ಗೆದ್ದಿದ್ದು ಗೆದ್ದ ಹಾಗಲ್ಲ. ತಗೋ."

ಅತ್ತಿಗೆ ತಲೆಯ ಟವೆಲ್ಲು ಬಿಚ್ಚಿ, ಮಡಚಿ, ತೊಡೆಯ ಮೇಲಿಟ್ಟುಕೊಂಡು, ಆ ಮಡಿಕೆಯನ್ನೇ ನೀವುತ್ತ ಕೂತರು. ಕೆಂಪನನ್ನು ನೋಡಲಿಲ್ಲ. ಕೀಲಿ ಜಗಲಿಯ ಕಲ್ಲಿನ ಮೇಲೆ ಬಿದ್ದಿತ್ತು. ನನ್ನ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು, ಆದರೆ ನಾಲಿಗೆಯೂ ಹೆಬ್ಬೆರಳಿನ ಹಾಗೆ ಮಡಚಿಕೊಂಡಿತ್ತು.

ಆಗ ಅಣ್ಣ ಅಡುಗೆಮನೆಯಿಂದ ಚಹಾ ತಂದ. ಲೋಟಗಳನ್ನು ಇಳಿಸಿ, ಎಲ್ಲರೂ ಯಾಕೆ ಸಾವಿನ ಮನೆಯವರ ಹಾಗೆ ಕೂತಿದ್ದೀರಿ ಎಂದು ಕೇಳಿ, ಕೆಂಪನ ಹತ್ತಿರ ಹೋದ. ಬಗ್ಗಿ ಪೈಪು ನೋಡಿದ. ಬೆರಳಿನಿಂದ ಹಳೆಯ ಬಣ್ಣ ಉಳಿದ ಜಾಗ ಮುಟ್ಟಿದ.

"ಇಲ್ಲೇ ಇತ್ತಲ್ಲೋ ನನ್ನ ಬಟ್ಟೆ. ಇದು ತಗಡಿಗೆ ಬಡಿದು ಗಡಗಡ ಅಂತ ತಲೆ ಚಿಟ್ಟು ಹಿಡಿಸ್ತಿತ್ತು. ಕಟ್ಟಿದ್ ಮೇಲೆ ಸುಮ್ಮನಿತ್ತು. ಯಾರು ಬಿಚ್ಚಿದ್ದು?"

ಮಗಳು ಎದ್ದು ಹೋಗಿ ನೋಡಿದಳು. ತೂತು ನೋಡಿದಳು, ತಗಡಿನ ಅಂಚು ನೋಡಿದಳು, ಬಟ್ಟೆಯಿದ್ದ ಗುರುತು ನೋಡಿದಳು. ಗಾಯ ನೋಡಿ ಕಾರಣ ಹೇಳುವುದು ಅವಳ ಕಸುಬು. ತಿರುಗಿ ನನ್ನನ್ನು ನೋಡಿದಳು. ಅತ್ತಿಗೆಯೂ ನೋಡಿದರು. ಅಣ್ಣ ಮೊದಲಿಂದಲೂ ನೋಡುತ್ತಲೇ ಇದ್ದ. ಇವರೆಲ್ಲ ಯಾರನ್ನು ನೋಡುತ್ತಿದ್ದಾರೆಂದು ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆಯಿತ್ತು.

"ಚಿಕ್ಕಪ್ಪ, ಗಾಡಿ ತೊಳೆದಿದ್ದು ನೀವಲ್ವಾ?"

ಸ್ವಚ್ಛತೆಯ ಬಗ್ಗೆ ಎರಡು ಮಾತು ಹೇಳಿದೆ. ಜಿಡ್ಡಿನ ಚಿಂದಿಗೆ ಬೆಂಕಿ ಹತ್ತುವ ಅಪಾಯದ ಬಗ್ಗೆ ಇನ್ನೆರಡು ಹೇಳಿದೆ. ಮೂರನೆಯ ವಿಷಯ ಹುಡುಕುತ್ತಿರುವಾಗ ಅತ್ತಿಗೆ ನಕ್ಕರು. ಅವರು ನಗುವುದೆಂದರೆ ಶಬ್ದವಿಲ್ಲ, ಭುಜ ಕುಲುಕುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅದನ್ನು ನೋಡಿ ಮಗಳಿಗೆ ತಡೆಯಲಾಗಲಿಲ್ಲ. ಅಣ್ಣನಿಗೆ ಮಾತ್ರ ನಗು ಬರಲಿಲ್ಲ. ಅವನಿಗೆ ಬಟ್ಟೆಯದೇ ಚಿಂತೆ.

ಮಗಳು ಕೀಲಿ ಎತ್ತಿಕೊಂಡಳು. ಒಂದು ಕ್ಷಣ ಅಂಗೈಯಲ್ಲಿ ಆಡಿಸಿದಳು. ಆಮೇಲೆ ಅದನ್ನು ತಾಯಿಯ ಮಡಿಲಿನ ಟವೆಲ್ಲಿನ ಮೇಲೆ ಇಟ್ಟಳು.

"ಗಾಡಿಗೂ ವಯಸ್ಸಾಗಿಲ್ಲ, ನಿನಗೂ ಆಗಿಲ್ಲ ಅಂತ ನಾನು ಹೇಳಲ್ಲ ಅಮ್ಮ. ಆದ್ರೆ ಈ ಸಲ ಕೆಟ್ಟಿದ್ದು ವಯಸ್ಸಿಂದ ಅಲ್ಲ. ಚಕ್ರಕ್ಕೆ ಕೊಡೋ ಎರಡು ಮರದ ತುಂಡು ಯಾವಾಗಲೂ ಗಾಡೀಲಿರಬೇಕು. ಪೈಪು ಹೊಸದು. ಚಿಕ್ಕಪ್ಪ ಇನ್ನು ಗಾಡಿ ತೊಳೆಯೋ ಹಾಗಿಲ್ಲ."

ಹೊಸದು ಎಂಬ ಮಾತಿಗೆ ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಹೆಬ್ಬೆರಳಿನ ಕಡೆ ನೋಡಿದರು. ಬಾಯಿ ಮುಚ್ಚಿದೆ.

ಬಿಡಿಭಾಗದ ಅಂಗಡಿಗೆ ನಾನೇ ಹೋಗಬೇಕಾಯಿತು. ಅಂಗಡಿಯವನು ನನ್ನನ್ನು ಕಂಡು ಕನ್ನಡಕ ಒರೆಸಿಕೊಂಡ. ಹೊಸ ಪೈಪು ಕೇಳಿದಾಗ ಒಳಗಿದ್ದ ತನ್ನ ತಮ್ಮನನ್ನೂ ಕರೆದು, ಬಂದು ನೋಡು, ನಮ್ಮ ನೆಂಟರು ಬಂದಿದ್ದಾರೆ ಎಂದ. ನನ್ನ ಮಾತು ಊರೆಲ್ಲ ಸುತ್ತಿ ಅವನ ಕಿವಿಗೂ ಬಿದ್ದಿತ್ತು. ಸ್ಟೂಲು ಹಾಕಿ ಕೂರಿಸಿ ನೀರು ಕೊಟ್ಟರು. ನೆಂಟನಾದ ಮೇಲೆ ಕುಡಿಯದೆ ಬರುವಂತಿಲ್ಲ.

ಪೈಪು ಹಾಕಿದೆ. ಗಾಳಿ ತೆಗೆದೆ. ಈ ಸಲ ಟ್ಯಾಂಕು ತುಂಬಿಸಿಯೇ ಪರೀಕ್ಷೆ ಮಾಡಿದೆ, ಪೌಡರನ್ನು ಪೈಪಿನ ಉದ್ದಕ್ಕೂ ಹಾಕಿದೆ, ಎಲ್ಲೂ ಒದ್ದೆಯಾಗಲಿಲ್ಲ. ಅತ್ತಿಗೆ ಬಂದು ತಲೆ ಓರೆ ಮಾಡಿ ಕೇಳಿದರು. ಪೈಪು ಮೊದಲಿನ ಹಾಗೇ ತಗಡಿಗೆ ತಾಗಿ ಗಡಗಡ ಎನ್ನುತ್ತಿತ್ತು. ಅವತ್ತು ಅವರು 'ಪರವಾಗಿಲ್ಲ' ಎನ್ನದೇ ಹೋದದ್ದು ಈ ಶಬ್ದ ಕೇಳಿಯೇ ಎಂದು ಈಗ ಹೊಳೆಯಿತು. ನಾನು ಜೇಬಿನಲ್ಲಿ ರಬ್ಬರ್ ತುಂಡು ಹುಡುಕುತ್ತಿದ್ದೆ. ಅಷ್ಟರಲ್ಲಿ ಅಣ್ಣ ಅಡುಗೆಮನೆಯಿಂದ ಬಂದ. ಕೈಯಲ್ಲಿ ನೀಲಿ ಬಟ್ಟೆಯ ಪಟ್ಟಿ, ಆ ಅಂಗಿಯ ಇನ್ನೊಂದು ತೋಳು. ಇಷ್ಟು ವರ್ಷ ಅದನ್ನು ಎಲ್ಲಿಟ್ಟಿದ್ದನೋ. ಪೈಪಿಗೆ ಸುತ್ತು ಸುತ್ತಿ, ಚೀಲದ ಬಾಯಿ ಕಟ್ಟುವ ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಚ್ಚಿ ಬಿಗಿದ. ಗಡಗಡ ನಿಂತಿತು.

ಅತ್ತಿಗೆ ಸೀಟಿನ ಅಂಚಿಗೆ ಜಾರಿ ಕೂತರು. ಪೈಪು ನೋಡಿದರು, ಗಂಟು ನೋಡಿದರು.

"ಪರವಾಗಿಲ್ಲ" ಎಂದರು.

ಯಾರಿಗೆ ಅಂದರೆಂದು ಅವರು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತಿರ ಹೋಗಿ, ಹೊಸ ಚರ್ಮ ಬರುತ್ತಿದ್ದ ಹೆಬ್ಬೆರಳಿನಿಂದ ಅಣ್ಣನ ಗಂಟನ್ನು ಒಮ್ಮೆ ಒತ್ತಿ ನೋಡಿ, ಬಿಗಿಯಾಗಿದೆ ಎಂದು ತಲೆಯಾಡಿಸಿದೆ. ಮೆಕ್ಯಾನಿಕ್ಕು ಒಪ್ಪದೆ ಗಾಡಿ ಹೊರಡುವ ಹಾಗಿಲ್ಲವಲ್ಲ. ಅಣ್ಣ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದ. ಕೆಂಪ ಹೊರಟ.